ದಿನಸಿ ದೊರೆಯ ಊರಿನಲ್ಲಿ ಕಾಲ್ನಡಿಗೆ

ಹೊನ್ನಾವರದಿಂದ ಹೊರಡುವ ಹಿಂದಿನ ರಾತ್ರಿ ಚೀಲ ತೂಗಿದರೆ ಎರಡು ಕಿಲೋ ಹೆಚ್ಚಿತ್ತು. ಒಂದು ಸೀರೆ ತೆಗೆದೆ, ಸಾಲಲಿಲ್ಲ. ಮಿಡಿ ಉಪ್ಪಿನಕಾಯಿ ತೆಗೆಯುವ ಹಾಗಿರಲಿಲ್ಲ, ಅದಿಲ್ಲದೆ ಹೋದರೆ ಅಣ್ಣನ ಮಗಳು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿಯಾಳು. ಕಡೆಗೆ ಕೈಗೆ ಸಿಕ್ಕಿದ್ದು ನಮ್ಮ ತೋಟದ ಕಾಳುಮೆಣಸಿನ ಪೊಟ್ಟಣ. ಅಣ್ಣ ನಕ್ಕ. "ಲಿಸ್ಬನ್ನಿಗೆ ಮೆಣಸು ಹೊತ್ತದ್ದು ಐನೂರು ವರ್ಷದ ಹಿಂದೆಯೇ ಸಾಕಷ್ಟಾಗಿದೆ ಮಾರಾಯ್ತಿ, ಇಡು ಅಲ್ಲೇ."

ಇಟ್ಟೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. 1498 ಎಂದರೆ ನಿದ್ದೆಗಣ್ಣಿನಲ್ಲೂ ವಾಸ್ಕೋ ಡ ಗಾಮ ಎನ್ನುತ್ತೇನೆ. ಅವನು ಕಲ್ಲಿಕೋಟೆಗೆ ಬಂದದ್ದು ಪಠ್ಯದಲ್ಲಿತ್ತು. ಹಿಂದಿರುಗುವಾಗ ಕಾರವಾರದ ಎದುರಿನ ಅಂಜುದೀವ ನಡುಗಡ್ಡೆಯಲ್ಲಿ ತಂಗಿ ಹಡಗು ದುರಸ್ತಿ ಮಾಡಿಕೊಂಡದ್ದು ಪಠ್ಯದಲ್ಲಿರಲಿಲ್ಲ, ನಾನೇ ಸೇರಿಸಿ ಹೇಳುತ್ತಿದ್ದೆ. ಆದರೆ ಅವನು ಹೊರಟ ಊರು ಹೇಗಿತ್ತು ಎಂದು ಮಕ್ಕಳೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ನಿವೃತ್ತಿಯಾದ ಮೇಲೆ ಆ ಊರಿಗೆ ಹೋಗುವ ಯೋಗ ಬಂದದ್ದು ಸಮುದ್ರದ ಪಾಚಿಯಿಂದ. ಅಣ್ಣನ ಮಗಳು ಅದರ ಮೇಲೆ ಸಂಶೋಧನೆ ಮಾಡಲು ಲಿಸ್ಬನ್ ಸೇರಿ ಮೂರು ವರ್ಷವಾಗಿತ್ತು. "ಬಾ ಅತ್ತೆ. ಹಗಲು ನನಗೆ ಪುರುಸೊತ್ತಿಲ್ಲ, ನಿನ್ನನ್ನು ನಡಿಗೆ ಪ್ರವಾಸಗಳಿಗೆ ಸೇರಿಸಿಬಿಡುತ್ತೇನೆ. ಮಂಡಿ ಹೇಗಿದೆ?" ಎಂದಳು. ಮಂಡಿಯ ವಿಷಯದಲ್ಲಿ ಸುಳ್ಳು ಹೇಳಿದೆ.

ಅವಳ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮೊದಲ ಸಂಜೆ ನಾನು ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ನಿಂತಿದ್ದಾಗ ಕೆಳಮನೆಯ ಅಜ್ಜಿ ಹೊರಬಂದು ಏನೋ ದೊಡ್ಡದಾಗಿ ದೂರಿದರು. ಎರಡೇ ಪದ ಕಿವಿಗೆ ಹತ್ತಿದವು. ಒಂದು 'ಜನೆಲ', ಇನ್ನೊಂದು 'ಶಾವ್'. ನಮ್ಮ ಹುಡುಗಿ ಜನೇಲು ತೆರೆದಿಟ್ಟು, ಚಾವಿಯನ್ನು ಬಾಗಿಲಲ್ಲೇ ಮರೆತು ವಿಮಾನ ನಿಲ್ದಾಣಕ್ಕೆ ಓಡಿ ಬಂದಿದ್ದಳಂತೆ. ಮೇಜು, ಬಾಲ್ದಿ, ಪಾದ್ರಿ, ಪೀಪಾಯಿ, ಇಸ್ತ್ರಿ: ನನ್ನಜ್ಜಿ ಒಂದು ದಿನವೂ ಪೋರ್ಚುಗಲ್ ಎಂಬ ಹೆಸರು ಎತ್ತದೆ ಜೀವಮಾನವಿಡೀ ಅಲ್ಲಿನ ಮಾತಾಡಿಕೊಂಡೇ ಇದ್ದರು.

ನಡಿಗೆ ಪ್ರವಾಸ ಎಂಬುದು ಹೀಗೆ. ಬೆಳಿಗ್ಗೆ ಹತ್ತಕ್ಕೆ ಒಂದು ಚೌಕದಲ್ಲಿ ಬಣ್ಣದ ಕೊಡೆ ಹಿಡಿದ ಮಾರ್ಗದರ್ಶಿ ನಿಂತಿರುತ್ತಾರೆ. ಹದಿನೈದಿಪ್ಪತ್ತು ಜನ ಸೇರುತ್ತಾರೆ. ಟಿಕೆಟ್ ಇಲ್ಲ. ಎರಡೂವರೆ ಮೂರು ತಾಸು ಊರೊಳಗೆ ಅಲೆಸಿ, ಕಥೆ ಹೇಳಿ, ಕೊನೆಗೆ ಕೊಟ್ಟಷ್ಟು ತೆಗೆದುಕೊಳ್ಳುತ್ತಾರೆ. ನನಗೆ ನಮ್ಮ ಹರಿಕಥೆ ನೆನಪಾಯಿತು. ಅದೇ ದನಿಯ ಏರಿಳಿತ, ಸರಿಯಾದ ಜಾಗದಲ್ಲಿ ನಿಲ್ಲಿಸಿ ಕೇಳುವವರ ಮುಖ ನೋಡುವುದು, ಉಪಕಥೆ, ಚಟಾಕಿ, ಕಡೆಯಲ್ಲಿ ಆರತಿ ತಟ್ಟೆ. ದಾಸರಿಗೆ ಹೇಗೋ ಇವರಿಗೂ ಹಾಗೆ, ಜನ ಯಾವ ಪ್ರಸಂಗಕ್ಕೆ ಕರಗುತ್ತಾರೆ ಎಂಬುದು ಚೆನ್ನಾಗಿ ಗೊತ್ತು. ಲಿಸ್ಬನ್ನಿನ ಹರಿಕಥೆಯಲ್ಲಿ ಆ ಪ್ರಸಂಗ ಭೂಕಂಪ.

ನಮ್ಮ ಗುಂಪು ಸೇರಿದ್ದು ರೊಸಿಯು ಚೌಕದಲ್ಲಿ. ಚೌಕದ ನೆಲವೇ ಒಂದು ನೋಟ. ಬಿಳಿ, ಕಪ್ಪು ಕಲ್ಲಿನ ಸಣ್ಣ ಸಣ್ಣ ತುಂಡುಗಳನ್ನು ಒತ್ತೊತ್ತಾಗಿ ಕೂರಿಸಿ ಅಲೆಗಳ ಚಿತ್ತಾರ ಮಾಡಿದ್ದಾರೆ. ನೋಡುತ್ತ ನಡೆದರೆ ನೆಲ ಏರಿ ಇಳಿದಂತೆ ಭಾಸವಾಗಿ ತಲೆ ತಿರುಗುತ್ತದೆ. 1842ರಲ್ಲಿ ಬೆಟ್ಟದ ಮೇಲಿನ ಕೋಟೆಯ ಅಂಗಳಕ್ಕೆ ಕೈದಿಗಳಿಂದ ಇಂಥ ಕಲ್ಲು ಹಾಸಿಸಿದರು, ಜನರಿಗೆ ಹಿಡಿಸಿತು, 1848-49ರಲ್ಲಿ ಈ ಚೌಕಕ್ಕೂ ಬಂತು, ಆಮೇಲೆ ಊರೆಲ್ಲ ಹಬ್ಬಿತು. ಇಂದಿಗೂ ಕಲ್ಲು ಕೂರಿಸುವವರು ಮೊಣಕಾಲೂರಿ ಸುತ್ತಿಗೆಯಿಂದ ಒಂದೊಂದೇ ತುಂಡನ್ನು ಕೆತ್ತಿ ಜೋಡಿಸುತ್ತಾರೆ. ಅಂದದ ನೆಲವೇನೋ ಹೌದು. ಆದರೆ ಲಕ್ಷಾಂತರ ಕಾಲು ಸವೆಸಿದ ಮೇಲೆ ಅದು ಆಷಾಢದಲ್ಲಿ ಪಾಚಿ ಕಟ್ಟಿದ ನಮ್ಮ ಅಂಗಳದ ಹಾಗೆಯೇ ಜಾರುತ್ತದೆ. ಮೊದಲ ದಿನ ಎರಡು ಸಲ ಜಾರಿದೆ, ಒಮ್ಮೆ ಕೊರಿಯಾದ ಹುಡುಗನೊಬ್ಬ ಹಿಡಿದುಕೊಂಡ.

ನಮ್ಮ ಮಾರ್ಗದರ್ಶಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಒಳ್ಳೆಯ ಮಾತುಗಾರ್ತಿ. ಗುಡ್ಡದ ಮೇಲಿನ ಕಾರ್ಮು ಮಠದ ಅವಶೇಷದೊಳಗೆ ಕರೆದುಕೊಂಡು ಹೋಗಿ, ಚಾವಣಿಯಿಲ್ಲದ ಕಮಾನುಗಳ ಕೆಳಗೆ ನಿಲ್ಲಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮೀನಿನ ಮುಳ್ಳಿನ ಹಾಗೆ ಬರಿಯ ಎಲುಬು ಉಳಿದ ಗುಡಿ, ಮೇಲೆ ಜೂನ್ ತಿಂಗಳ ನೀಲಿ ಆಕಾಶ. ಆಮೇಲೆ ಶುರು ಮಾಡಿದಳು.

1755ರ ನವೆಂಬರ್ 1, ಶನಿವಾರ. ಸಕಲ ಸಂತರ ಹಬ್ಬ. ಊರಿನ ಚರ್ಚುಗಳೆಲ್ಲ ತುಂಬಿವೆ, ಪೀಠಗಳಲ್ಲಿ ಮೇಣದ ಬತ್ತಿಗಳು ಉರಿಯುತ್ತಿವೆ. ಒಂಬತ್ತೂವರೆ ದಾಟಿದ ಹೊತ್ತಿಗೆ ನೆಲ ನಡುಗಿತು. ಕೆಲವು ನಿಮಿಷಗಳ ಕಾಲ ನಡುಗುತ್ತಲೇ ಇತ್ತು. ಕಲ್ಲಿನ ಚಾವಣಿಗಳು ಪೂಜೆಗೆ ಕೂತವರ ಮೇಲೆ ಬಿದ್ದವು. ಉಳಿದವರು ಕಟ್ಟಡಗಳಿಲ್ಲದ ಬಯಲು ಬೇಕೆಂದು ತೇಜೊ ನದಿಯ ದಂಡೆಗೆ ಓಡಿದರು. ನದಿ ಹಿಂದೆ ಸರಿದಿತ್ತು, ತಳದಲ್ಲಿ ಹಳೆಯ ಹಡಗುಗಳ ಮುರುಕು ಕಾಣುತ್ತಿತ್ತು. ನೆಲ ನಡುಗಿದ ಮುಕ್ಕಾಲು ತಾಸಿಗೆ ಕಡಲು ನುಗ್ಗಿ ಬಂದು ದಂಡೆಯಲ್ಲಿದ್ದವರನ್ನು ಎಳೆದೊಯ್ದಿತು. ಇತ್ತ ಬಿದ್ದ ಬತ್ತಿಗಳಿಂದ, ಒಲೆಗಳಿಂದ ಹತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ದೊರೆಯ ಅರಮನೆ, ಅದರೊಳಗಿನ ಎಪ್ಪತ್ತು ಸಾವಿರ ಪುಸ್ತಕಗಳ ಭಂಡಾರ, ಅದೇ ವರ್ಷ ಬಾಗಿಲು ತೆರೆದಿದ್ದ ಸಂಗೀತ ನಾಟಕಶಾಲೆ, ಊರಿನ ದೊಡ್ಡಾಸ್ಪತ್ರೆ ಎಲ್ಲ ಹೋದವು. ಸತ್ತವರ ಲೆಕ್ಕ ಒಬ್ಬೊಬ್ಬರದು ಒಂದೊಂದು, ಹತ್ತಾರು ಸಾವಿರ ಎನ್ನುವುದರಲ್ಲಿ ಮಾತ್ರ ಭೇದವಿಲ್ಲ. ದೊರೆ ಮೊದಲನೇ ಜೋಸೆ ಅಂದು ಊರಾಚೆ ಇದ್ದುದರಿಂದ ಬದುಕಿದ. ಆಮೇಲೆ ಅವನು ಕಲ್ಲಿನ ಮನೆಯೊಳಗೆ ಮಲಗಲು ಒಪ್ಪಲೇ ಇಲ್ಲ. ಅಜೂಡ ಗುಡ್ಡದ ಮೇಲೆ ಮರ, ಬಟ್ಟೆಗಳಿಂದ ಕಟ್ಟಿದ ಬಿಡಾರದಲ್ಲೇ ಆಳಿದ, ಸಾಯುವವರೆಗೆ.

ಊರು ಕಟ್ಟಿದ್ದು ಅವನ ಮಂತ್ರಿ, ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎನಿಸಿಕೊಂಡವನು. ಮುಂದೇನು ಮಾಡುವುದೆಂದು ದೊರೆ ಕೇಳಿದಾಗ, ಸತ್ತವರನ್ನು ಹೂಳುವುದು, ಇದ್ದವರಿಗೆ ಉಣ್ಣಿಸುವುದು ಎಂದನೆಂಬ ಮಾತು ಪ್ರಸಿದ್ಧ. ಆಡಿದವನು ಇವನಲ್ಲ, ಇನ್ನೊಬ್ಬ ಎನ್ನುವವರೂ ಇದ್ದಾರೆ. ಮೇಷ್ಟರಾದ ನನಗೆ ಆ ಮಾತಿಗಿಂತ ಹಿಡಿಸಿದ್ದು ಅವನ ಪ್ರಶ್ನೆಪತ್ರಿಕೆ. ದೇಶದ ಪ್ರತಿ ಚರ್ಚಿನ ಪಾದ್ರಿಗೂ ಒಂದು ಪಟ್ಟಿ ಹೋಯಿತು. ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ಹೊತ್ತು ನಡುಗಿತು, ಕಡಲು ಮೊದಲು ಏರಿತೋ ಇಳಿಯಿತೋ, ನೆಲ ಎಲ್ಲಿ ಬಿರಿಯಿತು, ಬಿರುಕಿನಿಂದ ಏನು ಬಂತು, ಎಷ್ಟು ಜನ ಸತ್ತರು. ಇದು ದೇವರ ಕೋಪವೇ ಎಂಬ ಪ್ರಶ್ನೆ ಪಟ್ಟಿಯಲ್ಲಿಲ್ಲ. ಪಾದ್ರಿಗಳು ಬರೆದು ಕಳಿಸಿದ ಉತ್ತರಗಳು ಲಿಸ್ಬನ್ನಿನ ರಾಷ್ಟ್ರೀಯ ದಫ್ತರಖಾನೆಯಲ್ಲಿ ಇವತ್ತಿಗೂ ಇವೆ, ಭೂಕಂಪ ಅಭ್ಯಾಸ ಮಾಡುವವರು ಅವನ್ನು ಈಗಲೂ ತಿರುವಿ ಹಾಕುತ್ತಾರೆ. ದೇವರ ಕೋಪ ಎಂದು ಪುಸ್ತಿಕೆ ಬರೆದ ಜೆಸ್ಯೂಟ್ ಪಾದ್ರಿ ಮಲಗ್ರಿಡಾಗೆ ಏನಾಯಿತು? 1761ರಲ್ಲಿ ಇದೇ ರೊಸಿಯು ಚೌಕದಲ್ಲಿ ಕತ್ತು ಬಿಗಿದು ಕೊಂದು ಸುಟ್ಟರು. ವಿಜ್ಞಾನದ ಪರವಾಗಿದ್ದ ಮಂತ್ರಿ ಕರುಣೆಯ ಪರವಾಗಿಯೂ ಇರಬೇಕೆಂದೇನೂ ಇಲ್ಲವಲ್ಲ.

ಗುಡ್ಡ ಇಳಿದು ಬೈಷಾಕ್ಕೆ ಬಂದೆವು. ಬೈಷಾ ಎಂದರೆ ತಗ್ಗು, ಊರಿನ ಕೆಳಪೇಟೆ. ಗೆರೆ ಎಳೆದ ಹಾಗೆ ನೇರವಾದ ಬೀದಿಗಳು, ಒಂದೇ ಅಚ್ಚಿನ ಕಿಟಕಿಗಳು. ಬೀದಿಗಳಿಗೆ ಕಸುಬಿನ ಹೆಸರು: ಚಿನ್ನದ ಬೀದಿ, ಬೆಳ್ಳಿ ಬೀದಿ, ಚಮ್ಮಾರರ ಬೀದಿ. ನಮ್ಮ ಬೆಂಗಳೂರಿನ ಪೇಟೆಗಳ ಹಾಗೆ. ಆದರೆ ನಮ್ಮ ಪೇಟೆಗಳು ತಾವಾಗಿ ಬೆಳೆದವು, ಇದು ಸೇನೆಯ ಎಂಜಿನಿಯರುಗಳು ಕಾಗದದ ಮೇಲೆ ಬರೆದು ಇಳಿಸಿದ ಊರು. ಗೋಡೆಯೊಳಗೆ ಅವರು ಅಡಗಿಸಿಟ್ಟ ಉಪಾಯದ ಹೆಸರು 'ಗಾಯೋಲ', ಅಂದರೆ ಪಂಜರ. ಗುಣಾಕಾರ ಚಿಹ್ನೆಯ ಹಾಗೆ ಮರದ ತೊಲೆಗಳನ್ನು ಹೆಣೆದು ಚೌಕಟ್ಟು ನಿಲ್ಲಿಸಿ, ಸಂದಿಗಳಲ್ಲಿ ಕಲ್ಲು ಗಾರೆ ತುಂಬುವುದು. ನೆಲ ನಡುಗಿದರೆ ಕಲ್ಲು ಉದುರಿದರೂ ಮರ ಬಳುಕಿ ನಿಲ್ಲುತ್ತದೆ. ಮಾದರಿಯೊಂದನ್ನು ಮಾಡಿ, ಸುತ್ತ ಸೈನಿಕರ ದಂಡನ್ನು ದಡದಡ ಕುಣಿಸಿ ಪರೀಕ್ಷೆ ಮಾಡಿದರಂತೆ. ಜೌಗು ನೆಲವಾದ್ದರಿಂದ ಕಟ್ಟಡಗಳ ಕೆಳಗೆ ಪೈನ್ ಮರದ ಕಂಬಗಳನ್ನು ಹೂತಿದ್ದಾರೆ. ಒಂದು ಬ್ಯಾಂಕಿನ ನೆಲಮಾಳಿಗೆಯಲ್ಲಿ ಆ ಕಂಬಗಳನ್ನೂ, ಅದಕ್ಕಿಂತ ಕೆಳಗೆ ರೋಮನ್ನರು ಮೀನಿಗೆ ಉಪ್ಪು ಹಾಕುತ್ತಿದ್ದ ತೊಟ್ಟಿಗಳನ್ನೂ ನೋಡಬಹುದು. ಉಪ್ಪುಮೀನಿನ ವಿದ್ಯೆ ಕರಾವಳಿಯವಳಾದ ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಬೀದಿಯ ಕೊನೆಗೆ ದೊಡ್ಡ ಕಮಾನು. ಭೂಕಂಪದ ಮರುನಿರ್ಮಾಣದ ಗುರುತಾಗಿ ಯೋಚಿಸಿದ್ದು, ಮುಗಿಯುವಾಗ 1875. ನಮ್ಮ ಲೋಕೋಪಯೋಗಿ ಇಲಾಖೆಯ ಮೇಲೆ ನನಗಿದ್ದ ಸಿಟ್ಟು ಸ್ವಲ್ಪ ಇಳಿಯಿತು. ಕಮಾನು ದಾಟಿದರೆ ಎದುರಿಗೆ ನದಿ. ನದಿ ಎನ್ನಲು ಬಾಯಿ ಬರುವುದಿಲ್ಲ, ಅಷ್ಟು ಅಗಲ. ಶರಾವತಿ ಕಡಲು ಸೇರುವ ಜಾಗವನ್ನು ಹತ್ತು ಪಟ್ಟು ಹಿಗ್ಗಿಸಿದಂತೆ.

ಈ ಚೌಕದ ಹೆಸರು ವಾಣಿಜ್ಯ ಚೌಕ. ಊರಿನವರು ಮಾತ್ರ ಇಂದಿಗೂ 'ಅರಮನೆ ಬಯಲು' ಎಂದೇ ಕರೆಯುತ್ತಾರೆ, ಅರಮನೆ ಹೋಗಿ ಇನ್ನೂರೆಪ್ಪತ್ತು ವರ್ಷವಾಗಿದ್ದರೂ. ಗಾಮ ಹಿಂದಿರುಗಿದ ಮೇಲೆ ಮಾನುಯೆಲ್ ದೊರೆ ಬೆಟ್ಟದ ಕೋಟೆ ಬಿಟ್ಟು ಇಲ್ಲಿ ನೀರಂಚಿನಲ್ಲಿ ಅರಮನೆ ಕಟ್ಟಿಸಿಕೊಂಡ. ಅದರ ಮಗ್ಗುಲಲ್ಲೇ ಕಾಜಾ ದ ಇಂಡಿಯಾ, ಇಂಡಿಯಾ ಕಚೇರಿ. ನಮ್ಮ ಕರಾವಳಿಯ ಮೆಣಸು, ಸಿಲೋನಿನ ದಾಲ್ಚಿನ್ನಿ, ಅದಕ್ಕೂ ಆಚೆಯ ಲವಂಗ ಇಳಿಯುತ್ತಿದ್ದದ್ದು, ತೂಗಿ ಬರೆದಿಡುತ್ತಿದ್ದದ್ದು ಅಲ್ಲಿ. ಮೆಣಸಿನ ಮಗ್ಗುಲಲ್ಲಿ ಮಲಗಿದ ಈ ದೊರೆಯನ್ನು ಫ್ರಾನ್ಸಿನ ದೊರೆ 'ದಿನಸಿ ಅಂಗಡಿಯ ರಾಜ' ಎಂದು ಗೇಲಿ ಮಾಡುತ್ತಿದ್ದನಂತೆ. ಗೇಲಿಯಲ್ಲಿ ಹೊಟ್ಟೆಯುರಿಯೂ ಇದ್ದಿರಬೇಕು.

ಅದೆಲ್ಲ ಎಲ್ಲಿ ಎಂದು ಕೇಳಿದೆ. ಮಾರ್ಗದರ್ಶಿ ಕಾಲಿನಿಂದ ನೆಲ ತಟ್ಟಿದಳು. ಇಂಡಿಯಾ ಕಚೇರಿಯೂ ಅದೇ ಶನಿವಾರ ಹೋಯಿತು, ಕಾಗದಪತ್ರಗಳ ಸಮೇತ. ಅಷ್ಟು ಹೇಳಿ, ಚೌಕದ ನಡುವಿನ ಕುದುರೆ ಸವಾರ ದೊರೆಯ ವಿಗ್ರಹದ ಕಡೆ ಕೊಡೆ ಎತ್ತಿದಳು.

ನನಗೆ ಅಲ್ಲೇ ಕಾಲು ಕಿತ್ತಿಡಲಾಗಲಿಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ನಮ್ಮ ಹೊನ್ನಾವರ ಅವರ ಬರಹದಲ್ಲಿ 'ಓನೋರ್', ಭಟ್ಕಳ 'ಬತೆಕಲ', ಬಸರೂರು 'ಬಾರ್ಸೆಲೋರ್'. ಆ ಊರುಗಳ ಹೆಸರು ಬರೆದ ಎಷ್ಟು ಲೆಕ್ಕದ ಪುಸ್ತಕಗಳು ಈ ಕಲ್ಲುಹಾಸಿನ ಕೆಳಗೆ ಬೂದಿಯಾದವೋ. ಮಾರ್ಗದರ್ಶಿ ಭೂಕಂಪಕ್ಕೆ ಒಂದೂವರೆ ತಾಸು ಕೊಟ್ಟಳು, ಇಂಡಿಯಾ ಕಚೇರಿಗೆ ಎರಡು ನಿಮಿಷ. ಅವಳನ್ನು ದೂರುತ್ತಿಲ್ಲ. ಭೂಕಂಪದ ಕಥೆಯಲ್ಲಿ ಯಾರದೂ ತಪ್ಪಿಲ್ಲ. ಕೇಳುವ ಹದಿನೆಂಟು ದೇಶದವರಲ್ಲಿ ಯಾರಿಗೂ ಮುಜುಗರವಿಲ್ಲ. ಎಲ್ಲರೂ ಅಯ್ಯೋ ಎನ್ನಬಹುದು, ಎಲ್ಲರೂ ಪಂಜರದ ಗೋಡೆಗೆ ಭೇಷ್ ಎನ್ನಬಹುದು. ಮೆಣಸಿನ ಕಥೆ ಹಾಗಲ್ಲ.

ಸಂಜೆ ಇದನ್ನು ಅಣ್ಣನ ಮಗಳಿಗೆ ಹೇಳಿದಾಗ ಅವಳು, "ಅತ್ತೆ, ನಿನ್ನನ್ನು ತಪ್ಪು ನಡಿಗೆಗೆ ಕಳಿಸಿದೆ" ಎಂದಳು. ಮರುದಿನಕ್ಕೆ ಬೇರೊಂದಕ್ಕೆ ಸೇರಿಸಿದಳು. ಆಫ್ರಿಕನ್ನರ ಲಿಸ್ಬನ್ ತೋರಿಸುವ ನಡಿಗೆ ಅದು. ಕರೆದೊಯ್ದವರು ಅಂಗೋಲಾ ಮೂಲದ, ನನ್ನ ವಯಸ್ಸಿನ ಗೃಹಸ್ಥರು. ಕೊಡೆ ಇರಲಿಲ್ಲ, ಚಟಾಕಿಯೂ ಕಡಿಮೆ. ಗುಂಪಿನಲ್ಲಿ ಏಳೇ ಜನ.

ಅವರು ಮೊದಲು ನಿಲ್ಲಿಸಿದ್ದು ರೊಸಿಯುವಿನ ಪಕ್ಕದಲ್ಲೇ, ಹಿಂದಿನ ದಿನ ನಾವು ದಾಟಿ ಹೋಗಿದ್ದ ಸಾವು ದೊಮಿಂಗುಷ್ ಚರ್ಚಿನ ಮುಂದೆ. ಅಲ್ಲಿ ಪಶ್ಚಿಮ ಆಫ್ರಿಕದ ಹೆಂಗಸರು ಬುಟ್ಟಿಯಲ್ಲಿ ಏನೇನೋ ಬೀಜ, ಕಾಯಿ ಇಟ್ಟುಕೊಂಡು ಮಾರುತ್ತಿದ್ದರು. ಚೆರ್ರಿ ಹಣ್ಣಿನ ಮದ್ಯ ಮಾರುವ ಗೂಡಂಗಡಿಯ ಮುಂದೆ ಬೆಳಿಗ್ಗೆಯೇ ಸಾಲು. ಇವೆರಡರ ನಡುವೆ, ದಾವೀದನ ನಕ್ಷತ್ರ ಕೆತ್ತಿದ ಕಲ್ಲು. ಲಿಸ್ಬನ್ನಿನ ಯೆಹೂದಿಗಳನ್ನು 1497ರಲ್ಲಿ ಬಲವಂತವಾಗಿ ಮತಾಂತರಿಸಿದ್ದರು. ಒಂಬತ್ತು ವರ್ಷದ ನಂತರ, ಬರ, ಪ್ಲೇಗುಗಳಿಂದ ಊರು ಕಂಗೆಟ್ಟಿದ್ದಾಗ, ಈ ಚರ್ಚಿನ ಶಿಲುಬೆಯಲ್ಲಿ ಪವಾಡದ ಬೆಳಕು ಕಂಡಿತೆಂದು ಜನ ಸೇರಿದರು. ಹೊಸದಾಗಿ ಕ್ರೈಸ್ತನಾದವನೊಬ್ಬ ಅದು ಬರೀ ಮೇಣದ ಬತ್ತಿಯ ಬೆಳಕಿರಬಹುದು ಎಂದ. ಅಷ್ಟೇ. ಮೂರು ದಿನದಲ್ಲಿ ಎರಡು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಜನರನ್ನು ಬೀದಿಯಲ್ಲಿ ಕೊಂದರು. ಕಲ್ಲು ನೆಟ್ಟದ್ದು 2008ರಲ್ಲಿ, ಐನೂರೆರಡು ವರ್ಷಗಳ ಮೇಲೆ. ಚರ್ಚಿನೊಳಗೆ ಹೋದರೆ ಕಂಬಗಳೆಲ್ಲ ಸೀಳಿ, ಕರಕಲಾಗಿ ನಿಂತಿವೆ. ಅದು 1959ರ ಬೆಂಕಿಯ ಗುರುತು. ಸಾರಣೆ ಮಾಡಿ ಮುಚ್ಚದೆ ಹಾಗೆಯೇ ಬಿಟ್ಟಿದ್ದಾರೆ. ಲಿಸ್ಬನ್ನಿನಲ್ಲಿ ನನಗೆ ಅತ್ಯಂತ ಪ್ರಾಮಾಣಿಕವಾಗಿ ಕಂಡ ಕಟ್ಟಡ ಅದು.

"ಆ ನಾಟಕಶಾಲೆ ನೋಡಿ" ಎಂದರು ಅವರು. ಚೌಕದ ಉತ್ತರಕ್ಕೆ ಬಿಳಿ ಕಂಬಗಳ ರಾಷ್ಟ್ರೀಯ ರಂಗಮಂದಿರ. ಹಿಂದೆ ಆ ಜಾಗದಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ಅರಮನೆಯಿತ್ತು. ಪೋರ್ಚುಗಲ್ಲಿನಲ್ಲಿ ಅದು ಶುರುವಾದದ್ದು 1536ರಲ್ಲಿ, ಗೋವೆಗೆ ಬಂದದ್ದು 1560ರಲ್ಲಿ. ಈ ಎರಡನೆಯ ಇಸವಿ ನನ್ನ ಊರಿನ ಇಸವಿಯೂ ಹೌದು. ದೇವಸ್ಥಾನಗಳನ್ನು ಕೆಡವಿದ, ಮನೆಯೊಳಗಿನ ಆಚಾರಕ್ಕೂ ವಿಚಾರಣೆಗೆ ಎಳೆದ ಆ ದಶಕಗಳಲ್ಲಿ ದೇವರನ್ನು ಹೊತ್ತು ನದಿ ದಾಟಿದವರು, ದಕ್ಷಿಣಕ್ಕೆ ಬಂದವರು ಎಷ್ಟೋ. ನಮ್ಮ ನೆರೆಯ ಕೊಂಕಣಿ ಮನೆಯವರು ಇಂದಿಗೂ ಕುಲದೇವರ ಸೇವೆಗೆ ಗೋವೆಗೆ ಹೋಗುತ್ತಾರೆ. ಆ ಬಸ್ಸಿನ ಸೀಟು ಕಾಯ್ದಿರಿಸುವ ಗಲಾಟೆಯ ಮೂಲ ಈ ಕಂಬಗಳ ಜಾಗದಲ್ಲಿದೆ ಎಂದು ಅವರಿಗೆ ಹೇಳಬೇಕು ಅಂದುಕೊಂಡೆ.

ಅಲ್ಲಿಂದ ಅಲ್ಫಾಮಾ. ಗಟ್ಟಿ ಗುಡ್ಡದ ಮೇಲಿದ್ದುದರಿಂದ ಭೂಕಂಪದಲ್ಲಿ ಬಹುಮಟ್ಟಿಗೆ ಉಳಿದ ಕೇರಿ. ಹೆಸರೇ ಅರಬ್ಬಿಯ 'ಅಲ್ ಹಮ್ಮಾ', ಬಿಸಿನೀರಿನ ಬುಗ್ಗೆ. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವ ಓಣಿಗಳು, ಮೆಟ್ಟಿಲು, ಮತ್ತೆ ಮೆಟ್ಟಿಲು, ಮೇಲೆ ಒಣಹಾಕಿದ ಬಟ್ಟೆ, ಕಬ್ಬಿಣದ ಜಾಲರಿಯ ಮೇಲೆ ಸುಡುವ ತಾರ್ಲೆ ಮೀನಿನ ಹೊಗೆ. ಜೂನ್ 13 ಸಂತ ಅಂತೋಣಿಯ ಹಬ್ಬ ಹತ್ತಿರ ಬಂದಿತ್ತು. ನಮ್ಮ ಕೆ.ಆರ್. ನಗರದ ಹತ್ತಿರದ ದೋರನಹಳ್ಳಿಗೆ ಹರಕೆ ಹೊತ್ತು ಎಲ್ಲ ಜಾತಿಯವರೂ ಹೋಗುತ್ತಾರಲ್ಲ, ಅದೇ ಅಂತೋಣಿ. ಹುಟ್ಟಿದ್ದು ಇಲ್ಲಿ, ದೊಡ್ಡ ಚರ್ಚಿನ ಪಕ್ಕದ ಮನೆಯಲ್ಲಿ. ಲೋಕವೆಲ್ಲ ಅವರನ್ನು ಇಟಲಿಯ ಪಾದುವಾದವರು ಎನ್ನುತ್ತದೆಂದು ಇಲ್ಲಿಯವರಿಗೆ ಅಸಮಾಧಾನ. ಹಬ್ಬಕ್ಕೆ ಮನೆಮನೆಯ ಕಿಟಕಿಯಲ್ಲೂ ಒಂದು ಪುಟ್ಟ ಕುಂಡ, ಅದರಲ್ಲಿ ಚೆಂಡಿನ ಹಾಗೆ ದುಂಡಗೆ ಬೆಳೆದ ಸಣ್ಣೆಲೆಯ ಗಿಡ. ಬಗ್ಗಿ ಮೂಸಲು ಹೋದೆ. ಬಾಗಿಲಲ್ಲಿ ಕೂತಿದ್ದ ಹೆಂಗಸು ಹೌಹಾರಿ ತಡೆದು, ತನ್ನ ಅಂಗೈಯನ್ನು ಎಲೆಗಳ ಮೇಲೆ ಆಡಿಸಿ ನನ್ನ ಮೂಗಿನ ಹತ್ತಿರ ಹಿಡಿದಳು. ಮೂಗು ತಾಗಿಸಿದರೆ ಗಿಡ ಬಾಡುತ್ತದೆಂದು ನಂಬಿಕೆ. ಪರಿಮಳ ನಮ್ಮ ಕಾಮಕಸ್ತೂರಿಯದೇ.

ಗುಡ್ಡದ ಬುಡಕ್ಕೆ ಇಳಿದಾಗ ಅವರು ಒಂದು ಹಳೆಯ ಕಾರಂಜಿಯ ಮುಂದೆ ನಿಂತರು. ದೊರೆಯ ಕಾರಂಜಿ ಎಂದು ಹೆಸರು. ಕಾರಂಜಿ ಎಂದರೆ ಚಿಮ್ಮುವ ನೀರಲ್ಲ, ಊರಿನ ಜನ ಕೊಡ ತುಂಬಿಸಿಕೊಳ್ಳುತ್ತಿದ್ದ ಕಲ್ಲಿನ ನಳಗಳ ಸಾಲು. ಹದಿನಾರನೆಯ ಶತಮಾನದ ನಡುವೆ ಲಿಸ್ಬನ್ನಿನಲ್ಲಿ ಸುಮಾರು ಹತ್ತು ಜನರಲ್ಲಿ ಒಬ್ಬರು ಗುಲಾಮರು. ಮನೆಗಳಿಗೆ ನೀರು ಹೊರುತ್ತಿದ್ದವರು ಅವರೇ. ಜಗಳ ಹೆಚ್ಚಾಯಿತೆಂದು 1551ರಲ್ಲಿ ನಗರಸಭೆ ಆರು ನಳಗಳನ್ನು ಹಂಚಿತು. ಬಿಳಿಯ ಗಂಡಸರಿಗೆ ಬೇರೆ, ಬಿಳಿಯ ಹೆಂಗಸರಿಗೆ ಬೇರೆ, ಹಡಗಿನ ಹುಟ್ಟು ಹಾಕುವ ಮುಸಲ್ಮಾನರಿಗೆ ಬೇರೆ. ಕರಿಯ ಗಂಡಸರಿಗೊಂದು, ಕರಿಯ ಹೆಂಗಸರಿಗೊಂದು.

"ಆ ಕರಿಯರ ನಳದಲ್ಲೇ ಇಂಡಿಯಾದವರೂ" ಎಂದು ಅವರು ನನ್ನ ಕಡೆ ತಿರುಗಿ ಹೇಳಿದರು.

ಗುಂಪಿನ ಉಳಿದವರೆಲ್ಲ ನನ್ನನ್ನು ನೋಡಿದರು. ಊರ ಬಾವಿಯ ನೀರು ಯಾರು ಸೇದಬಹುದು, ಯಾರು ಸೇದಬಾರದು ಎಂಬ ಕಟ್ಟಳೆಯನ್ನು ಓದಿ ತಿಳಿದವಳಲ್ಲ ನಾನು. ನಮ್ಮ ಮನೆಯ ಬಾವಿಯೇ ಗೊತ್ತು. ದೂರ ನಿಂತು ಕೊಡ ನೆಲದ ಮೇಲಿಟ್ಟು, ನಮ್ಮಜ್ಜಿ ಮೇಲಿನಿಂದ ಹೊಯ್ಯುವ ನೀರಿಗೆ ಕಾಯುತ್ತಿದ್ದವರ ಮುಖ ಗೊತ್ತು. ಆದ್ದರಿಂದ ಅವರು ನಿರೀಕ್ಷಿಸಿದ ಸಿಟ್ಟು ನನ್ನ ಮುಖದಲ್ಲಿ ಬರಲಿಲ್ಲ. "ನಮ್ಮ ಊರಲ್ಲೂ ಇತ್ತು" ಎಂದೆ. ಅವರು ತಲೆಯಾಡಿಸಿ ಮುಂದೆ ನಡೆದರು.

ಕಾರಂಜಿಯಿಂದ ಸ್ವಲ್ಪವೇ ದೂರದಲ್ಲಿ ಕಾಜಾ ದುಷ್ ಬೀಕುಷ್, ಮುಳ್ಳುಮನೆ. ಮುಂಗೋಡೆಯ ತುಂಬ ವಜ್ರದ ಹಾಗೆ ಮೊನಚಾಗಿ ಕೆತ್ತಿದ ಕಲ್ಲುಗಳು, ಒಟ್ಟಿಗೆ ನೋಡಿದರೆ ಹಲಸಿನ ಹಣ್ಣಿನ ಸಿಪ್ಪೆ. 1523ರಲ್ಲಿ ಕಟ್ಟಿಸಿದವನು ಬ್ರಾಸ್ ದ ಅಲ್ಬುಕರ್ಕ್, ಗೋವೆ ಹಿಡಿದ ಅಫೊನ್ಸೊ ದ ಅಲ್ಬುಕರ್ಕನ ಮಗ. 1510ರಲ್ಲಿ ಗೋವೆಯ ಮೇಲೆ ಹೋಗು ಎಂದು ಅಪ್ಪನಿಗೆ ದಾರಿ ತೋರಿಸಿದವನು ನಮ್ಮ ಹೊನ್ನಾವರದ ನಾವಿಕ ತಿಮ್ಮಯ್ಯ, ಪೋರ್ಚುಗೀಸರ 'ತಿಮೋಜ'. ನವೆಂಬರಿನಲ್ಲಿ ಎರಡನೆಯ ಸಲ ಗೋವೆ ಹಿಡಿದಾಗ ಊರಿನ ಮುಸಲ್ಮಾನರನ್ನು ದಿನಗಟ್ಟಲೆ ಕೊಂದ ಸುದ್ದಿಯನ್ನು ಅಲ್ಬುಕರ್ಕ್ ತಾನೇ ದೊರೆಗೆ ಬರೆದು ತಿಳಿಸಿದ. ತಿಮ್ಮಯ್ಯ ತನ್ನ ಲಾಭ ನೋಡಿಕೊಂಡ, ಬಯಸಿದಷ್ಟು ದಕ್ಕಲಿಲ್ಲ. ಗೋವೆಯ ಕಥೆಯನ್ನು ಪರಂಗಿಗಳ ಕಥೆ ಎಂದಷ್ಟೇ ಪಾಠ ಮಾಡಿ ಮುಗಿಸುತ್ತಿದ್ದ ನಾನು, ಅದರಲ್ಲಿ ನಮ್ಮ ಬಂದರಿನವನ ಪಾಲನ್ನು ಹೇಳಿದ್ದು ಕಡಿಮೆ.

ಆ ಮನೆಯ ಮೇಲಿನ ಎರಡು ಮಹಡಿ 1755ರಲ್ಲಿ ಬಿದ್ದವು, ಮತ್ತೆ ಕಟ್ಟಿದ್ದು 1980ರ ದಶಕದಲ್ಲಿ. ಈಗ ಅದರೊಳಗೆ ಕಾದಂಬರಿಕಾರ ಜೋಸೆ ಸರಮಾಗೊ ಹೆಸರಿನ ಪ್ರತಿಷ್ಠಾನ. ಎದುರಿಗೆ, ಸರಮಾಗೊ ಹುಟ್ಟಿದ ಹಳ್ಳಿಯಿಂದ ತಂದು ನೆಟ್ಟ ಆಲಿವ್ ಮರ, ಅದರ ಬುಡದಲ್ಲಿ ಅವರ ಚಿತಾಭಸ್ಮ. ಅವರದೊಂದು ಕಾದಂಬರಿಯಲ್ಲಿ ಕರಡು ತಿದ್ದುವವನೊಬ್ಬ ಲಿಸ್ಬನ್ ಚರಿತ್ರೆಯ ಪುಸ್ತಕದಲ್ಲಿ ಬೇಕೆಂದೇ ಒಂದು 'ಇಲ್ಲ' ಸೇರಿಸಿಬಿಡುತ್ತಾನೆ. 1147ರಲ್ಲಿ ಮುಸಲ್ಮಾನರಿಂದ ಈ ಊರನ್ನು ಗೆಲ್ಲಲು ದಂಡಯಾತ್ರೆಯ ಕ್ರೈಸ್ತರು ನೆರವಾದರು ಎಂಬಲ್ಲಿ ನೆರವಾಗಲಿಲ್ಲ ಎಂದಾಗುತ್ತದೆ, ಇಡೀ ಚರಿತ್ರೆ ಮಗುಚಿಕೊಳ್ಳುತ್ತದೆ. ಅಲ್ಬುಕರ್ಕನ ಮಗನ ಮನೆ ಈಗ ಆ ಲೇಖಕನ ಹೆಸರಿನಲ್ಲಿದೆ ಎಂಬುದು ನನಗೆ ತುಂಬ ಸಮಾಧಾನ ಕೊಟ್ಟಿತು. ಮರದ ಕೆಳಗಿನ ಕಟ್ಟೆಯ ಮೇಲೆ ಕೂತು ಮಂಡಿ ತಿಕ್ಕಿಕೊಂಡೆ.

ಬೆಲೇಂಗೆ ಹೋದದ್ದು ಭಾನುವಾರ, ಅಣ್ಣನ ಮಗಳ ಜೊತೆ. ಮಾರ್ಗದರ್ಶಿ ಬೇಡವೆಂದೆವು. ಎಲ್ಲರೂ ನೋಡುವ ಜಾಗವಾದ್ದರಿಂದ ಹೆಚ್ಚು ಬರೆಯುವುದಿಲ್ಲ. ಜೆರೊನಿಮುಷ್ ಮಠದ ಕಲ್ಲುಕೆಲಸ ಬೇಲೂರು ನೋಡಿದ ಕಣ್ಣಿಗೂ ಸೋಜಿಗವೇ: ಹಡಗಿನ ಹಗ್ಗ, ಗಂಟು, ಹವಳ, ಬಳ್ಳಿ ಎಲ್ಲ ಕಲ್ಲಿನಲ್ಲಿ. ಅದನ್ನು ಕಟ್ಟಿದ ಹಣ ಪೂರ್ವದ ವ್ಯಾಪಾರದ ಮೇಲೆ ಹಾಕಿದ ಇಪ್ಪತ್ತರಲ್ಲೊಂದು ಪಾಲಿನ ತೆರಿಗೆ. ಒಳಗೆ ದಿನಸಿ ದೊರೆ ಮಾನುಯೆಲ್ ಮಲಗಿದ್ದಾನೆ. ಅವನ ಗೋರಿಯನ್ನು ಹೊತ್ತಿರುವುದು ಅಮೃತಶಿಲೆಯ ಆನೆಗಳು. ನಮ್ಮ ಕಡೆಯ ದೇವಸ್ಥಾನಗಳಲ್ಲಿ ಆನೆ ಅಧಿಷ್ಠಾನ ಹೊರುತ್ತದೆ, ಅಂಬಾರಿ ಹೊರುತ್ತದೆ. ಸತ್ತ ವ್ಯಾಪಾರಿಯನ್ನು ಹೊತ್ತದ್ದು ಮೊದಲ ಸಲ ನೋಡಿದೆ. ನದಿದಂಡೆಯ ಬೆಲೇಂ ಗೋಪುರದ ಮೂಲೆಯ ಕಾವಲುಗೂಡಿನ ಕೆಳಗೆ ಸವೆದ ಘೇಂಡಾಮೃಗದ ತಲೆಯೊಂದಿದೆ. ಗುಜರಾತಿನ ಸುಲ್ತಾನ ಅಲ್ಬುಕರ್ಕನಿಗೆ ಕೊಟ್ಟ ಪ್ರಾಣಿ ಅದು, ಅಲ್ಬುಕರ್ಕ್ ದೊರೆಗೆ ಕಳಿಸಿದ. 1515ರ ಮೇ ತಿಂಗಳಲ್ಲಿ ಲಿಸ್ಬನ್ನಿಗೆ ಬಂತು. ಆನೆಯ ಎದುರು ಕಾಳಗಕ್ಕೆ ಬಿಟ್ಟರು, ಆನೆ ಓಡಿಹೋಯಿತು. ಮರುವರ್ಷ ಪೋಪ್‌ಗೆ ಕಾಣಿಕೆಯಾಗಿ ರೋಮಿಗೆ ಹೊರಟಾಗ ಹಡಗು ಮುಳುಗಿ, ಸರಪಳಿ ಕಟ್ಟಿದ್ದ ಪ್ರಾಣಿ ಸತ್ತಿತು. ಇದನ್ನು ಕಣ್ಣಾರೆ ಕಾಣದ ಜರ್ಮನಿಯ ಡ್ಯೂರರ್ ಯಾರೋ ಬರೆದ ವಿವರಣೆ, ಗೀಚಿದ ಚಿತ್ರಗಳ ಮೇಲೆ ಕೆತ್ತಿದ ಚಿತ್ರವನ್ನೇ ಯುರೋಪು ಎರಡು ಮೂರು ಶತಮಾನ ಘೇಂಡಾಮೃಗವೆಂದು ನಂಬಿತು.

ಅಲ್ಲೇ ಪಕ್ಕದಲ್ಲಿ ಹಡಗಿನ ಆಕಾರದ ದೊಡ್ಡ ಸ್ಮಾರಕ, ಕಡಲಾಚೆ ಹೋದವರ ಹೆಸರಿನದು. ಸರ್ವಾಧಿಕಾರಿ ಸಲಜಾರನ ಕಾಲದ್ದು. 1940ರಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿದ್ದನ್ನು 1960ರಲ್ಲಿ ಶಾಶ್ವತವಾಗಿ ಕಟ್ಟಿದರು. ಮರುವರ್ಷ ಡಿಸೆಂಬರಿನಲ್ಲಿ ಗೋವೆ ಕೈಬಿಟ್ಟಿತು. ಅದು ಭಾರತದ್ದೆಂದು ಪೋರ್ಚುಗಲ್ ಒಪ್ಪಲು 1974 ಬರಬೇಕಾಯಿತು. ಆ ವರ್ಷದ ಏಪ್ರಿಲ್ 25ರ ಸೈನಿಕ ಕ್ರಾಂತಿಯಂದು ಸರ್ವಾಧಿಕಾರದ ಕೊನೆಯ ಪ್ರಧಾನಿ ಅಡಗಿ ಕೂತು ಶರಣಾದದ್ದು, ಚಾವಣಿ ಹಾರಿಹೋದ ಅದೇ ಕಾರ್ಮು ಮಠದ ಪಕ್ಕದ ಕಾವಲುಪಡೆಯ ಕಟ್ಟಡದಲ್ಲಿ. ಕೊಡೆ ಹಿಡಿದ ಹುಡುಗಿ ಆ ಕಥೆಯನ್ನೂ ಚೆನ್ನಾಗಿ ಹೇಳಿದ್ದಳು, ಬಂದೂಕಿನ ಬಾಯಿಗೆ ಸಿಕ್ಕಿಸಿದ ಕೆಂಪು ಹೂವಿನ ಸಮೇತ. ಗೋವೆಯ ಮಾತು ಅದರಲ್ಲಿ ಬಂದಿರಲಿಲ್ಲ.

ಲಿಸ್ಬನ್ನಿಗೆ ಕೃತಜ್ಞಳಾಗಬೇಕಾದ ಒಂದು ಸಂಗತಿಯೂ ಇದೆ, ಹೇಳದಿದ್ದರೆ ತಪ್ಪಾಗುತ್ತದೆ. ಹಂಪಿಯನ್ನು ರೋಮಿಗೆ ಹೋಲಿಸಿದ ದೊಮಿಂಗೊ ಪಾಯಿಸ್, ಕುದುರೆ ವ್ಯಾಪಾರಿ ನೂನಿಜ್ ಇಬ್ಬರೂ ಪೋರ್ಚುಗೀಸರು. ಅವರು ಬರೆದದ್ದು ಮೂರೂವರೆ ಶತಮಾನ ಹಸ್ತಪ್ರತಿಯಾಗಿ ಬಿದ್ದಿತ್ತು. ಅದನ್ನು 1897ರಲ್ಲಿ ದಾವಿದ್ ಲೋಪಿಷ್ ಎಂಬ ವಿದ್ವಾಂಸರು ಇದೇ ಊರಿನಲ್ಲಿ ಅಚ್ಚು ಹಾಕಿಸಿದರು. ಮೂರು ವರ್ಷದಲ್ಲಿ ಇತಿಹಾಸಕಾರ ಸಿವೆಲ್ ಅದನ್ನು ಇಂಗ್ಲಿಷಿಗೆ ತಂದ. ಕೃಷ್ಣದೇವರಾಯನ ಎತ್ತರ, ಮೈಬಣ್ಣ, ಬೆಳಗಿನ ಸಾಮು, ಎಣ್ಣೆ ಕುಡಿಯುವುದು, ಇವನ್ನೆಲ್ಲ ಮೂವತ್ತು ವರ್ಷ ನಾನು ಕಣ್ಣಿಗೆ ಕಟ್ಟುವಂತೆ ಹೇಳಿ ಮಕ್ಕಳಿಂದ ಭೇಷ್ ಎನಿಸಿಕೊಂಡದ್ದು ಆ ಪುಸ್ತಕದ ಪುಣ್ಯ.

ಹೊರಡುವ ಹಿಂದಿನ ಸಂಜೆ ಮೋರರಿಯಾಕ್ಕೆ ಹೋದೆವು. 1147ರಲ್ಲಿ ಸೋತ ಮುಸಲ್ಮಾನರನ್ನು ಕೋಟೆಯ ಹೊರಗೆ ಇರಿಸಿದ ಕೇರಿ ಅದು. ಫಾದೊ ಹಾಡಿಗೆ ಹೆಸರು ತಂದ, ಇಪ್ಪತ್ತಾರಕ್ಕೇ ತೀರಿಕೊಂಡ ಮರಿಯಾ ಸೆವೇರಾ ಬದುಕಿದ್ದೂ ಇಲ್ಲಿಯ ಓಣಿಯೊಂದರಲ್ಲಿ. ಈಗ ಬೀದಿಯುದ್ದಕ್ಕೂ ಬಾಂಗ್ಲಾದೇಶದವರ ಅಂಗಡಿಗಳು. ಕರಿಬೇವು, ಬೆಂಡೆಕಾಯಿ, ಹಸಿಮೆಣಸು, ಬಾಸುಮತಿ ಮೂಟೆ. ಎಂಟು ದಿನ ಬ್ರೆಡ್ಡು ತಿಂದು ನಾಲಿಗೆ ಜಡ್ಡುಗಟ್ಟಿತ್ತು, ರಾತ್ರಿ ಮೆಣಸಿನ ಸಾರು ಮಾಡುವುದೆಂದು ಮಾತಾಗಿತ್ತು. ಮನೆಯಲ್ಲಿ ಕಾಳುಮೆಣಸು ಇರಲಿಲ್ಲ. ಅಂಗಡಿಯ ಹುಡುಗ ಒಂದು ಪೊಟ್ಟಣ ತಂದು ಮುಂದಿಟ್ಟ. ಕನ್ನಡಕ ಹಾಕಿಕೊಂಡು ಹಿಂಬದಿ ಓದಿದೆ. ವಿಯೆಟ್ನಾಂ ಮೆಣಸು.

"ತಗೊಳ್ಳೋದೋ ಬೇಡವೋ ಅತ್ತೆ?" ಎಂದಳು.

ತೆಗೆದುಕೊಂಡೆವು. ಕಾಳು ದಪ್ಪಗಿತ್ತು, ಖಾರ ಸಾಲದು. ಇನ್ನೊಂದು ಚಮಚ ಕುಟ್ಟಿ ಹಾಕಿದೆ.